ಕೌಂಟರ್ ಮುಚ್ಚುವ ಮೊದಲು

(ದಾವಣಗೆರೆಯ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಕೋಪನ್‌ಹೇಗನ್‌ನಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆ. ಅಲ್ಲಿ ಬೀದಿಯ ಕೆಂಪು ಅಂಚೆ ಡಬ್ಬಿಗಳನ್ನೇ ಕಿತ್ತು ಹಾಕಿದ್ದಾರೆ. ಸರ್ಕಾರದ ಕಾಗದ, ತೆರಿಗೆ, ಬ್ಯಾಂಕು ಎಲ್ಲಾ ಫೋನಿನಲ್ಲೇ. ವಾಪಸ್ ಬಂದ ವಾರವೇ ಇಲ್ಲಿ ಒಂದು ಸಣ್ಣ ಕೆಲಸಕ್ಕೆ ಎರಡು ಗಂಟೆ ಕ್ಯೂ ನಿಂತೆ. ಕೌಂಟರ್ ಇರುವ ತನಕ ಜನ ಕೌಂಟರಿಗೇ ಬರುತ್ತಾರೆ. ಮುಚ್ಚಿಬಿಡಿ, ತಾವೇ ಕಲಿಯುತ್ತಾರೆ. ಡೆನ್ಮಾರ್ಕ್ ಮಾಡಿದ್ದೂ ಅದನ್ನೇ ಅಲ್ವಾ? ಹೇಗೂ ಯುರೋಪಿನವರು ದುಡ್ಡಿದ್ದವರು, ಓದಿದವರು. ಅವರಿಗೆ ಸರ್ಕಾರ ಕಲಿಸಬೇಕಾಗಿರಲಿಲ್ಲ. ನೀವು ಪತ್ರಿಕೆಯವರು ಇದನ್ನು ಯಾಕೆ ಬರೆಯುವುದಿಲ್ಲ?" ಕೊನೆಗೊಂದು ಪುಟ್ಟ ಪ್ರಶ್ನೆ: "ಮೊಮ್ಮಗಳಿಗೆ ಕಾಗದ ಬರೆಯುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ಇನ್ನು ಅದು ತಲುಪುತ್ತದೆಯೇ?")

ಮಾನ್ಯರೇ,

ಬೈದು ಬರೆದ ಪತ್ರವೂ ಇಷ್ಟು ಮುದ್ದಾದ ಅಕ್ಷರದಲ್ಲಿದ್ದರೆ ಓದಲು ಖುಷಿಯೇ. ಕ್ಯೂ ಬಗ್ಗೆ ನಿಮಗಿರುವ ಸಿಟ್ಟು ನನಗೂ ಇದೆ. ಅಂಚೆ ಡಬ್ಬಿ ಕಿತ್ತದ್ದೂ ನಿಜ. ಆದರೆ ನೀವು ಹೋದದ್ದು ಸಿನಿಮಾದ ಕೊನೇ ರೀಲಿಗೆ. ಅದಕ್ಕೇ ಎಲ್ಲ ಅಷ್ಟು ಸಲೀಸಾಗಿ ಕಂಡಿದೆ.

ಡಬ್ಬಿಯಿಂದಲೇ ಶುರು ಮಾಡೋಣ. ಡೆನ್ಮಾರ್ಕ್‌ನ ಅಂಚೆ ಸಂಸ್ಥೆ (ಈಗ ಅದರ ಹೆಸರು ಪೋಸ್ಟ್‌ನಾರ್ಡ್) 2000ನೇ ಇಸವಿಯಲ್ಲಿ ವರ್ಷಕ್ಕೆ ಸುಮಾರು 140 ಕೋಟಿ ಕಾಗದ ಹಂಚುತ್ತಿತ್ತು. 2024ರ ಹೊತ್ತಿಗೆ ಅದು 11 ಕೋಟಿಗೆ ಇಳಿಯಿತು. ಆಮೇಲೆ ಊರೂರಿನ ಸುಮಾರು 1500 ಕೆಂಪು ಡಬ್ಬಿಗಳನ್ನು ತೆಗೆಯಲು ಹೊರಟರು. 2025ರ ಡಿಸೆಂಬರ್ 30ಕ್ಕೆ ಕಾಗದ ಹಂಚುವುದನ್ನೇ ನಿಲ್ಲಿಸಿದರು. 1624ರಿಂದ ನಡೆದುಬಂದ ಕೆಲಸ ಅದು. ಡಬ್ಬಿ ಖಾಲಿಯಾದ ಮೇಲೆ ಕಿತ್ತರು ಸರ್. ಕಿತ್ತದ್ದರಿಂದ ಜನ ಫೋನ್ ಕಲಿತರು ಅನ್ನುವುದು ಹಿಂದುಮುಂದಾದ ಲೆಕ್ಕ.

ಖಾಲಿಯಾದದ್ದು ಹೇಗೆ? ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಳೇ ಕಾರ್ಡ್ ಇದೆ. ಅಲ್ಲಿ ಕೆಲಸಕ್ಕಿದ್ದ ಸ್ನೇಹಿತರೊಬ್ಬರು ಕೊಟ್ಟದ್ದು. ಎಟಿಎಂ ಕಾರ್ಡಿನಷ್ಟೇ ಅಗಲ. ಒಳಗೆ ಸಾಲು ಸಾಲು ಅಂಕಿಗಳು. ಎಡಕ್ಕೆ ನಾಲ್ಕು ಅಂಕಿಯದೊಂದು ನಂಬರು, ಅದರ ಪಕ್ಕ ಆರು ಅಂಕಿಯದು. ಹೀಗೆ ನೂರಕ್ಕೂ ಜಾಸ್ತಿ ಜೋಡಿ. ಇದರ ಹೆಸರು ನೆಮ್‌ಐಡಿ. 'ನೆಮ್' ಅಂದರೆ ಡೇನಿಶ್‌ನಲ್ಲಿ ಸುಲಭ ಅಂತ. 2010ರ ಜುಲೈನಲ್ಲಿ ಬಂತು. ಕಂಪ್ಯೂಟರಿನಲ್ಲಿ ಹೆಸರು, ಪಾಸ್‌ವರ್ಡ್ ಹಾಕಿದರೆ ಪರದೆ ಮೇಲೆ ನಾಲ್ಕು ಅಂಕಿ ಕಾಣುತ್ತಿತ್ತು. ಕಾರ್ಡಿನಲ್ಲಿ ಅದನ್ನು ಹುಡುಕಿ, ಪಕ್ಕದ ಆರು ಅಂಕಿ ಒತ್ತಬೇಕಿತ್ತು. ಒಮ್ಮೆ ಬಳಸಿದ ಜೋಡಿ ಮತ್ತೆ ಬರುತ್ತಿರಲಿಲ್ಲ. ಕಾರ್ಡ್ ಮುಗಿಯುತ್ತಾ ಬಂದರೆ ಹೊಸದು ಮನೆಗೇ ಬರುತ್ತಿತ್ತು. ಅದೂ ಅಂಚೆಯಲ್ಲಿ! ಅಂಚೆಯನ್ನು ಮನೆಗೆ ಕಳಿಸಿದ ವ್ಯವಸ್ಥೆ ಮೊದಲು ಬಂದದ್ದೇ ಅಂಚೆಯವನ ಚೀಲದಲ್ಲಿ.

ನೀವು ಬ್ಯಾಂಕಿನವರು, ಇದರ ಜಾಣತನ ನಿಮಗೆ ನನಗಿಂತ ಬೇಗ ಗೊತ್ತಾಗುತ್ತದೆ. ಆ ಕಾರ್ಡನ್ನು ಸರ್ಕಾರ ಮತ್ತು ಬ್ಯಾಂಕುಗಳು ಸೇರಿ ಮಾಡಿದವು. ತೆರಿಗೆ ಕಟ್ಟಲಿಕ್ಕೂ ಅದೇ, ಬ್ಯಾಂಕ್ ಖಾತೆ ನೋಡಲಿಕ್ಕೂ ಅದೇ. ತೆರಿಗೆ ವರ್ಷಕ್ಕೊಂದು ಸಲ. ವರ್ಷಕ್ಕೊಮ್ಮೆ ಬಳಸುವ ಪಾಸ್‌ವರ್ಡ್ ಯಾರಿಗೆ ನೆನಪಿರುತ್ತದೆ ಹೇಳಿ? ಬ್ಯಾಂಕ್ ಹಾಗಲ್ಲ, ವಾರಕ್ಕೊಮ್ಮೆಯಾದರೂ ಇಣುಕಲೇಬೇಕು. ಕೈಗೆ ರೂಢಿ ಆದದ್ದು ಬ್ಯಾಂಕಿನಿಂದ, ಲಾಭ ಆದದ್ದು ಸರ್ಕಾರಕ್ಕೆ. ಇಷ್ಟರ ಹಿಂದೆ ಇನ್ನೂ ಹಳೆಯ ತಳಪಾಯ ಇತ್ತು. ಪ್ರತಿಯೊಬ್ಬರಿಗೂ ಅವರದ್ದೇ ಆದ ಒಂದೊಂದು ನಂಬರ್ ಕೊಡುವ ದಾಖಲೆ ಅಲ್ಲಿ 1968ರಿಂದಲೇ ಇದೆ.

ಇನ್ನು ಕಡ್ಡಾಯದ ವಿಷಯ. ಕಡ್ಡಾಯ ಮಾಡಿದರು, ಸುಳ್ಳಲ್ಲ. ಆದರೆ ಯಾರ ಮೇಲೆ ಮೊದಲು ಮಾಡಿದರು ಅನ್ನುವುದನ್ನು ನೋಡಿ. 2005ರ ಫೆಬ್ರವರಿಯಿಂದ ಸರ್ಕಾರಕ್ಕೆ ಸರಕು ಮಾರುವವರು ಬಿಲ್ಲನ್ನು ಎಲೆಕ್ಟ್ರಾನಿಕ್ ರೂಪದಲ್ಲೇ ಕೊಡಬೇಕಾಯಿತು. ಸರ್ಕಾರಿ ಕಚೇರಿಗಳು ಅದನ್ನು ಹಾಗೇ ತೆಗೆದುಕೊಳ್ಳಬೇಕಾಯಿತು. ಸರ್ಕಾರದ ಕಾಗದಗಳು ಆನ್‌ಲೈನ್ ಪೆಟ್ಟಿಗೆಗೇ ಬರುವ 'ಡಿಜಿಟಲ್ ಅಂಚೆ'ಯ ಕಾನೂನು 2012ರಲ್ಲಿ ಪಾಸಾಯಿತು. 2013ರ ನವೆಂಬರ್‌ನಲ್ಲಿ ಕಂಪನಿಗಳ ಸರದಿ. ಸಾಮಾನ್ಯ ಜನರ ಸರದಿ ಬಂದದ್ದು 2014ರ ನವೆಂಬರ್ 1ಕ್ಕೆ, 15 ವರ್ಷ ದಾಟಿದ ಎಲ್ಲರಿಗೂ. ಆ ಹೊತ್ತಿಗೆ ಕಚೇರಿಗಳು ತಮ್ಮ ಒಳಗಿನ ಕಸವನ್ನೆಲ್ಲ ಗುಡಿಸಿಕೊಂಡಿದ್ದವು.

ಅಷ್ಟಾದರೂ ಒಂದು ಬಾಗಿಲು ತೆರೆದೇ ಇಟ್ಟರು. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಅಂಗವಿಕಲತೆ ಇದೆ, ಭಾಷೆ ತೊಡಕು ಎಂದರೆ ವಿನಾಯಿತಿ ಕೇಳಬಹುದು. ಶುರುವಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಹೀಗೆ ಹೊರಗುಳಿದರು. ಅವರಿಗೆ ಸರ್ಕಾರದ ಕಾಗದ ಕಾಗದವಾಗಿಯೇ ಹೋಗುತ್ತದೆ. ನೀವು ಮಗನ ಮನೆಯಲ್ಲಿ ಇದನ್ನು ಕಾಣುವ ಸಂದರ್ಭ ಇರಲಿಲ್ಲ. ಮಗ ವಿನಾಯಿತಿ ಕೇಳುವ ಪೈಕಿ ಅಲ್ಲವಲ್ಲ.

ಕೌಂಟರುಗಳೂ ಮಾಯವಾಗಲಿಲ್ಲ, ಅಲ್ಲಿನ ಕೆಲಸ ಬದಲಾಯಿತು. ಪ್ರತಿ ಪುರಸಭೆಯಲ್ಲಿ 'ಬಾರ್ಗರ್‌ಸರ್ವಿಸ್' ಅಂತ ಒಂದು ಕಡೆ ಇರುತ್ತದೆ, ನಾಗರಿಕ ಸೇವಾ ಕೇಂದ್ರ ಅನ್ನಿ. ಅರ್ಜಿ ಹಿಡಿದು ಬಂದವರನ್ನು ಅಲ್ಲಿನ ಸಿಬ್ಬಂದಿ ಕಂಪ್ಯೂಟರಿನ ಮುಂದೆ ಕೂರಿಸಿ ತಾವು ಪಕ್ಕಕ್ಕೆ ನಿಲ್ಲುತ್ತಾರೆ. ಕೀಲಿಮಣೆ ಮೇಲೆ ಕೈ ಬಂದವರದ್ದು, ಬಾಯಿ ಸಿಬ್ಬಂದಿಯದ್ದು. ಮೊದಲ ಸಲ ಕಾಲು ಗಂಟೆ ಜಾಸ್ತಿಯೇ ಹಿಡಿಯುತ್ತದೆ. ಮುಂದಿನ ಸಲ ಅವರು ಮನೆಯಿಂದಲೇ ಮುಗಿಸಿದರೆ ಆ ಕಾಲು ಗಂಟೆ ಬಡ್ಡಿ ಸಮೇತ ವಾಪಸ್. ನಮ್ಮ ಎಷ್ಟೋ ಕೌಂಟರಿನಲ್ಲಿ ಫೋನನ್ನು ಕೈಯಿಂದ ಇಸ್ಕೊಂಡು, ಓಟಿಪಿ ನೋಡಿ, ತಾವೇ ಒತ್ತಿ ಕೊಡುತ್ತಾರೆ. ಕೆಲಸ ಬೇಗ ಆಗುತ್ತದೆ, ನಿಜ. ಆ ಅಜ್ಜ ಮುಂದಿನ ತಿಂಗಳೂ ಬರುತ್ತಾರೆ. ಡೆನ್ಮಾರ್ಕಿನಲ್ಲಿ ಹಿರಿಯರದ್ದೇ ಒಂದು ದೊಡ್ಡ ಸಂಘ ಇದೆ. 60 ಲಕ್ಷದಷ್ಟು ಜನರ ದೇಶದಲ್ಲಿ ಅದಕ್ಕೆ 9 ಲಕ್ಷಕ್ಕೂ ಹೆಚ್ಚು ಸದಸ್ಯರು. ಅದರ ಸ್ವಯಂಸೇವಕರೂ ಹೀಗೇ ಪಕ್ಕ ಕೂತು ಹೇಳಿಕೊಡುತ್ತಾರೆ. ಅಂಚೆ ನಿಲ್ಲಿಸುವಾಗ ಗಟ್ಟಿಯಾಗಿ ತಕರಾರು ತೆಗೆದದ್ದೂ ಅದೇ ಸಂಘ. ಅಲ್ಲೂ ಎಲ್ಲರೂ ನಗುನಗುತ್ತಾ ಒಪ್ಪಿಕೊಂಡಿಲ್ಲ.

'ದುಡ್ಡಿದ್ದವರು, ಹೇಗೂ ಕಲಿಯುತ್ತಿದ್ದರು' ಎಂದಿರಿ. ಹಾಗಾದರೆ ಎಸ್ಟೋನಿಯಾ ಕಡೆ ತಿರುಗೋಣ. 13 ಲಕ್ಷ ಜನರ ದೇಶ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಹೊರಬಂದಾಗ ಕೈಯಲ್ಲಿ ಕಾಸಿರಲಿಲ್ಲ. 1996ರಲ್ಲಿ ಅಧ್ಯಕ್ಷ ಲೆನ್ನಾರ್ಟ್ ಮೇರಿ 'ಹುಲಿ ಜಿಗಿತ' ಅನ್ನುವ ಯೋಜನೆ ಘೋಷಿಸಿದರು. ಶಾಲೆಶಾಲೆಗೂ ಕಂಪ್ಯೂಟರ್, ಇಂಟರ್‌ನೆಟ್, ಜೊತೆಗೆ ಮೇಷ್ಟ್ರುಗಳಿಗೆ ತರಬೇತಿ. ಯಂತ್ರ ಕೊಂಡು ಬೀರುವಿನಲ್ಲಿ ಬೀಗ ಹಾಕಿಟ್ಟ ಶಾಲೆಗಳನ್ನು ನೀವೂ ನೋಡಿರುತ್ತೀರಿ. ಹಾಗಾಗದ ಹಾಗೆ ಮೇಷ್ಟ್ರುಗಳನ್ನು ಮೊದಲೇ ಸೇರಿಸಿಕೊಂಡದ್ದು ಅವರ ಜಾಣತನ.

ದೊಡ್ಡವರಿಗೆ ಏನು ಮಾಡಿದರು? 2001ರಿಂದ ಜಾರಿಗೆ ಬಂದ ಸಾರ್ವಜನಿಕ ಮಾಹಿತಿ ಕಾನೂನಿನಲ್ಲಿ ಹೀಗೆ ಬರೆದರು: ಸಾರ್ವಜನಿಕ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಸರ್ಕಾರಿ ಮಾಹಿತಿಯನ್ನು ಪುಕ್ಕಟೆಯಾಗಿ ನೋಡಲು ಅವಕಾಶ ಇರಬೇಕು. ಹಳ್ಳಿ ರಸ್ತೆಗಳಲ್ಲಿ ನೀಲಿ ಫಲಕ ನೆಟ್ಟರು. ಪೆಟ್ರೋಲ್ ಬಂಕ್, ಆಸ್ಪತ್ರೆಗೆ ದಾರಿ ತೋರಿಸುವಂಥ ಫಲಕಗಳೇ. ಆದರೆ ಅದರ ಮೇಲೆ ಇಮೇಲ್ ವಿಳಾಸದಲ್ಲಿ ಬರುತ್ತದಲ್ಲ, ಸುತ್ತು ಹಾಕಿದ 'ಎ', ಆ ಗುರುತು. ಇಲ್ಲಿಂದ ಹೋದರೆ ಇಂಟರ್‌ನೆಟ್ ಸಿಗುತ್ತದೆ ಅಂತ ಅರ್ಥ. ಆಲೂಗಡ್ಡೆ ಹೊಲದ ಪಕ್ಕ ಅಂಥದ್ದೊಂದು ಬೋರ್ಡ್ ನಿಂತಿರುವುದನ್ನು ಯೋಚಿಸಿ.

ಅದೇ ವರ್ಷ ಅಲ್ಲಿನ ಬ್ಯಾಂಕುಗಳೂ ಟೆಲಿಫೋನ್ ಕಂಪನಿಗಳೂ ಸೇರಿ 'ಜಗತ್ತನ್ನು ನೋಡು' ಎಂಬ ಪ್ರತಿಷ್ಠಾನ ಕಟ್ಟಿದವು. ಒಂದು ಲಕ್ಷ ಜನರಿಗೆ ಕಂಪ್ಯೂಟರಿನ ಅಆಇಈ ಕಲಿಸಿದರು. ದೊಡ್ಡವರ ಪೈಕಿ ಸುಮಾರು ಹತ್ತರಲ್ಲೊಬ್ಬರಿಗೆ. ಬ್ಯಾಂಕುಗಳಿಗೆ ಪರೋಪಕಾರದ ಹುಚ್ಚೇನೂ ಇರಲಿಲ್ಲ. ಗಿರಾಕಿ ಮನೆಯಿಂದಲೇ ವ್ಯವಹಾರ ಮಾಡಿದರೆ ಶಾಖೆಯ ಖರ್ಚು ಉಳಿಯುತ್ತದೆ. ಉಳಿಯಲಿ ಬಿಡಿ, ಕಲಿಸಿದ್ದಂತೂ ನಿಜ. ತೆರಿಗೆ ಇಲಾಖೆ ಇನ್ನೊಂದು ಉಪಾಯ ಮಾಡಿತು. ಆನ್‌ಲೈನ್‌ನಲ್ಲಿ ಲೆಕ್ಕ ಒಪ್ಪಿಸಿದವರಿಗೆ ವಾಪಸ್ ಬರಬೇಕಾದ ತೆರಿಗೆ ಕೆಲವೇ ದಿನಗಳಲ್ಲಿ ಬರುತ್ತಿತ್ತು, ಕಾಗದದವರು ಕಾಯಬೇಕಿತ್ತು. ನೂರು ಭಾಷಣಕ್ಕಿಂತ ಇದು ಹೆಚ್ಚು ಜನರನ್ನು ಕೀಲಿಮಣೆಯ ಮುಂದೆ ಕೂರಿಸಿರಬೇಕು.

ಅಲ್ಲೂ ಕಡ್ಡಾಯದ ಭಾರ ಬಿದ್ದದ್ದು ಕಚೇರಿ ಮೇಲೆ. ಸರ್ಕಾರದ ಒಂದು ಇಲಾಖೆಗೆ ಒಮ್ಮೆ ಕೊಟ್ಟ ಮಾಹಿತಿಯನ್ನು ಇನ್ನೊಂದು ಇಲಾಖೆ ಜನರಿಂದ ಮತ್ತೆ ಕೇಳುವ ಹಾಗಿಲ್ಲ. ಎಕ್ಸ್-ರೋಡ್ ಎಂಬ ಜಾಲದ ಮೂಲಕ ತಾವೇ ತರಿಸಿಕೊಳ್ಳಬೇಕು. ಜೆರಾಕ್ಸ್ ಅಂಗಡಿಯವರಿಗೆ ಕೆಟ್ಟ ಸುದ್ದಿ. ನಿಮ್ಮ ದಾಖಲೆಯನ್ನು ಯಾವ ಕಚೇರಿ ತೆರೆದು ನೋಡಿತು ಅನ್ನುವುದನ್ನೂ ನೀವು ನೋಡಬಹುದು. 2017ರಲ್ಲಿ, ಆನ್‌ಲೈನ್ ಕೆಲಸಕ್ಕೆ ಬಳಸುವ ಗುರುತಿನ ಚೀಟಿಯ ಚಿಪ್‌ನಲ್ಲಿ ದೋಷ ಇದೆಯೆಂದು ಗೊತ್ತಾಯಿತು. ಸುಮಾರು 7.6 ಲಕ್ಷ ಕಾರ್ಡುಗಳು. ಸರ್ಕಾರ ಅದನ್ನು ಮುಚ್ಚಿಡಲಿಲ್ಲ, ಮೊದಲೇ ಜನರಿಗೆ ಹೇಳಿತು.

ಇಂಟರ್‌ನೆಟ್ ಮತದಾನದ ಕತೆ ಇನ್ನೂ ನಿಧಾನದ್ದು. 2005ರ ಸ್ಥಳೀಯ ಚುನಾವಣೆಯಲ್ಲಿ ಹಾಗೆ ಮತ ಹಾಕಿದವರು ನೂರಕ್ಕೆ ಇಬ್ಬರೂ ಇಲ್ಲ. ಅರ್ಧ ದಾಟಿದ್ದು 2023ರ ಸಂಸತ್ ಚುನಾವಣೆಯಲ್ಲಿ. ಹದಿನೆಂಟು ವರ್ಷ! ಇವತ್ತಿಗೂ ಮತಗಟ್ಟೆ ಇದೆ, ಮತಚೀಟಿ ಇದೆ. ಇಂಟರ್‌ನೆಟ್‌ನಲ್ಲಿ ಮತ ಹಾಕಿ ಆಮೇಲೆ ಮತಗಟ್ಟೆಗೆ ಹೋಗಿ ಚೀಟಿ ಹಾಕಿದರೆ ಎಣಿಕೆಗೆ ಬರುವುದು ಚೀಟಿಯೇ.

ಮೊದಲು ಮುಚ್ಚಿ, ಆಮೇಲೆ ಕಲಿಯಲಿ ಅಂದರೆ ಏನಾಗುತ್ತದೆ? ಅದಕ್ಕೂ ಯುರೋಪಿನಲ್ಲೇ ಉತ್ತರ ಇದೆ. ಸ್ಪೇನ್‌ನಲ್ಲಿ ಬ್ಯಾಂಕುಗಳು ಒಂದಾದ ಮೇಲೊಂದು ಶಾಖೆ ಮುಚ್ಚಿದವು. ಉಳಿದ ಶಾಖೆಗಳಲ್ಲಿ ನಗದು ಕೌಂಟರಿನ ಸಮಯ ಕಡಿಮೆ ಮಾಡಿ, ಉಳಿದದ್ದಕ್ಕೆ ಆ್ಯಪ್ ನೋಡಿ ಎಂದವು. 2022ರ ಜನವರಿಯಲ್ಲಿ ವೇಲೆನ್ಸಿಯಾದ ನಿವೃತ್ತ ವೈದ್ಯರೊಬ್ಬರು ಒಂದು ಮನವಿ ಬರೆದರು. ಅದರ ಘೋಷಣೆ: 'ನನಗೆ ವಯಸ್ಸಾಗಿದೆ, ನಾನು ದಡ್ಡನಲ್ಲ.' ಅವರಿಗೆ ಆಗ 78. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ಎಟಿಎಂ ಗುಂಡಿ ಒತ್ತುವುದೇ ಕಷ್ಟ. ಕೆಲವೇ ವಾರಗಳಲ್ಲಿ 6 ಲಕ್ಷ ಜನ ಸಹಿ ಹಾಕಿದರು. ಫೆಬ್ರವರಿ ಮುಗಿಯುವುದರೊಳಗೆ ಬ್ಯಾಂಕುಗಳು ಕೌಂಟರಿನ ಸಮಯ ಹೆಚ್ಚಿಸುತ್ತೇವೆ, ಹಿರಿಯರಿಗೆ ಮೊದಲ ಸೇವೆ ಕೊಡುತ್ತೇವೆ ಎಂದು ಬರೆದುಕೊಟ್ಟವು. ಆ ಸಹಿಗಳನ್ನೂ ಬಹಳಷ್ಟು ಜನ ಆನ್‌ಲೈನ್‌ನಲ್ಲೇ ಹಾಕಿದ್ದು ಅನ್ನುವುದು ತಮಾಷೆ. ಇಂಟರ್‌ನೆಟ್ ಬೇಡ ಅಂತ ಅವರ್‍ಯಾರೂ ಹೇಳಿರಲಿಲ್ಲ. 2024ರಲ್ಲಿ ಬ್ರಸೆಲ್ಸ್ ಪ್ರಾಂತ್ಯವೂ ಒಂದು ಕಾನೂನು ತಂದಿತು: ಆನ್‌ಲೈನ್ ಸೇವೆಯ ಜೊತೆಗೆ ಕೌಂಟರ್, ಫೋನ್, ಕಾಗದದ ದಾರಿಯೂ ಇರಬೇಕು ಅಂತ.

ಅದೇ ಬ್ರಸೆಲ್ಸ್‌ನಲ್ಲಿ ಕೂರುವ ಯುರೋಪಿಯನ್ ಒಕ್ಕೂಟ ಮೂವತ್ತು ವರ್ಷದಿಂದ ಗುರಿ ಇಡುತ್ತಲೇ ಬಂದಿದೆ. 2000ದಲ್ಲಿ ಲಿಸ್ಬನ್‌ನಲ್ಲಿ ಸೇರಿದ ನಾಯಕರು, ಹತ್ತೇ ವರ್ಷದಲ್ಲಿ ಜಗತ್ತಿನಲ್ಲೇ ಎಲ್ಲರಿಗಿಂತ ಮುಂದಿರುವ ಜ್ಞಾನದ ಆರ್ಥಿಕತೆ ನಮ್ಮದಾಗಬೇಕು ಎಂದರು. ಆಗಲಿಲ್ಲ. ಈಗಿನ ಗುರಿ, 2030ಕ್ಕೆ ನೂರಕ್ಕೆ 80 ದೊಡ್ಡವರಿಗೆ ಮೂಲ ಡಿಜಿಟಲ್ ಕೌಶಲ ಇರಬೇಕು ಅನ್ನುವುದು. 2023ರಲ್ಲಿ ಇದ್ದದ್ದು ನೂರಕ್ಕೆ ಸುಮಾರು 56. ದುಡ್ಡಿದ್ದವರು, ಓದಿದವರು, ಆದರೂ ಹತ್ತಿರ ಹತ್ತಿರ ಅರ್ಧ ಜನ ಹೊರಗೆ. ಯುರೋಪ್ ಅಂದರೆ ಬರೀ ಕೋಪನ್‌ಹೇಗನ್ ಅಲ್ಲ ಸರ್.

ಊರಿನ ಕ್ಯೂ ವಿಷಯಕ್ಕೆ ಬಂದರೆ, ನೀವು ಬ್ಯಾಂಕಿನಲ್ಲಿದ್ದಾಗ ಬೆಳೆ ಸಾಲಕ್ಕೆ ಪಹಣಿ ಕೇಳಿಯೇ ಇರುತ್ತೀರಿ. 2000ದ ಆಸುಪಾಸಿನಲ್ಲಿ 'ಭೂಮಿ' ಬಂತಲ್ಲ, ಆಗ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದರು. ಕಡ್ಡಾಯವೇ. ಆದರೆ ಕಂಪ್ಯೂಟರ್ ಕಲಿಯಬೇಕಾದವರು ತಾಲ್ಲೂಕು ಕಚೇರಿಯವರು. ರೈತ 15 ರೂಪಾಯಿ ಕೊಟ್ಟು ಕೌಂಟರಿನ ಮುಂದೆ ನಿಂತರೆ ಸಾಕಿತ್ತು. ಅಲ್ಲಿ ಅವನ ಕಡೆಗೆ ತಿರುಗಿಸಿದ ಎರಡನೇ ಪರದೆ ಒಂದಿತ್ತು, ಒಳಗಿನವರು ಏನು ಒತ್ತುತ್ತಿದ್ದಾರೆ ಅಂತ ಅವನಿಗೂ ಕಾಣಲಿ ಅಂತ. ನೀವು ನಿಂತ ಕ್ಯೂನಲ್ಲಿ ಅಂಥದ್ದೊಂದು ಪರದೆ ಇತ್ತಾ? ಮುಂದಿನ ಪತ್ರದಲ್ಲಿ ಬರೆಯಿರಿ. ಸುಮ್ನೆ ಕೇಳುತ್ತಿಲ್ಲ, ನಮ್ಮ ವರದಿಗಾರರನ್ನು ಕಳಿಸುವ ಯೋಚನೆ ಇದೆ.

ಈಗ ಮೊಮ್ಮಗಳ ವಿಷಯ. ಧಾರಾಳವಾಗಿ ಬರೆಯಿರಿ, ತಲುಪುತ್ತದೆ. ಪೋಸ್ಟ್‌ನಾರ್ಡ್ ಬಿಟ್ಟ ಕೆಲಸವನ್ನು ದಾವೋ ಎಂಬ ಇನ್ನೊಂದು ಕಂಪನಿ ನಡೆಸುತ್ತಿದೆ. ದಾವಣಗೆರೆಯ ಅಂಚೆ ಡಬ್ಬಿ ಇನ್ನೂ ಗೋಡೆಯ ಮೇಲೇ ಇದೆಯಲ್ಲ. ಮಗ ಕೊಟ್ಟ ವಿಳಾಸವನ್ನು ಮಾತ್ರ ಒಂದಕ್ಷರವೂ ಬಿಡದೆ ಇಳಿಸಿಕೊಳ್ಳಿ. ಮನೆ ನಂಬರಿನ ಮುಂದೆ '3. ಟಿವಿ' ಅಂತೇನಾದರೂ ಇದ್ದರೆ, ಇದೇನು ಟೆಲಿವಿಷನ್ ಅಂತ ಹೊಡೆದು ಹಾಕಬೇಡಿ. ಮೂರನೇ ಮಹಡಿ, ಎಡಗಡೆ ಬಾಗಿಲು ಅಂತ ಅದರ ಅರ್ಥ.

— ಸಂಪಾದಕ