ಓಮ್ ಹೆಚ್ಚಾದರೆ ಸದ್ದೂ ಹೆಚ್ಚೇ?

ಪ್ರಶ್ನೆ: ನಮ್ಮ ಆರ್ಕೆಸ್ಟ್ರಾದ ಗಿಟಾರಿಗೆ, ಬ್ರಿಡ್ಜ್ (ತಂತಿಗಳ ಬುಡ) ಕಡೆಗೆ ಹೈ ಔಟ್‌ಪುಟ್ ಹಂಬಕರ್ ಬೇಕು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ, ಗುಂಯ್ ಸದ್ದು ಅಳಿಸುವ ಎರಡು ಕಾಯಿಲ್‌ನ ಪಿಕಪ್. ಡಿಮಾರ್ಜಿಯೊ ಕಂಪನಿಯ ಸೂಪರ್ ಡಿಸ್ಟಾರ್ಷನ್ ಒಳ್ಳೆಯದೋ, ಸೆಮೂರ್ ಡಂಕನ್ ಕಂಪನಿಯ ಜೆಬಿಯೋ? ಗೆಳೆಯರ ಹಳೆಯ ಜೆಬಿಯನ್ನು ಬಿಚ್ಚಿ, ಮಟಮಟ ಮಧ್ಯಾಹ್ನ ಮಲ್ಟಿಮೀಟರ್ ಹಿಡಿದರೆ ರೋಧ 17.7 ಕಿಲೊ ಓಮ್ ಬಂತು. ಕಂಪನಿ ಹೇಳುವುದು 16.4. ನಕಲಿ ಮಾಲೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಅಷ್ಟಕ್ಕೇ ನಕಲಿ ಎನ್ನಬೇಡಿ, ಅದು ಬಿಸಿಲಿನ ಕೆಲಸವಿರಬಹುದು. ಪಿಕಪ್ಪಿನೊಳಗೆ ಸುತ್ತಿರುವುದು ತಾಮ್ರದ ತಂತಿ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ರೋಧ ಸುಮಾರು ಶೇ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 16.4 ಇದ್ದದ್ದು 40 ಡಿಗ್ರಿಯಲ್ಲಿ 17.7 ಆಗಲೇಬೇಕು. ಬೇಸಿಗೆ, ಕಡುಬೇಸಿಗೆ ಎರಡೇ ಕಾಲವಿರುವ ಊರು ನಿಮ್ಮದು. ಬೆಳಗಿನ ತಂಪಿನಲ್ಲಿ ಇನ್ನೊಮ್ಮೆ ಅಳೆಯಿರಿ. ಗಿಟಾರಿನಿಂದ ಬಿಚ್ಚದೆ ಕೇಬಲ್ ಚುಚ್ಚುವ ಜ್ಯಾಕ್‌ನಲ್ಲೇ ಅಳೆದರೆ 500 ಕೆ (ಕಿಲೊ ಓಮ್) ವಾಲ್ಯೂಮ್ ಪಾಟ್, ಅಂದರೆ ಸದ್ದು ಏರಿಳಿಸುವ ಗುಂಡಿಯ ರೋಧಕ, ಸಮಾಂತರವಾಗಿ ಸೇರಿಕೊಂಡು 16.4 ಇರುವುದು 15.9 ಎಂದು ತೋರುತ್ತದೆ.

ಓಮ್ ನೋಡಿ ಜೋರು ಅಳೆಯುವುದೂ ತಪ್ಪು. ಅದೇ ಸುತ್ತುಗಳನ್ನು ಇನ್ನೂ ತೆಳುವಾದ ತಂತಿಯಲ್ಲಿ ಸುತ್ತಿದರೆ ಓಮ್ ಏರುತ್ತದೆ, ಸದ್ದು ಏರುವುದಿಲ್ಲ. 1972ರಿಂದ ಇರುವ ಸೂಪರ್ ಡಿಸ್ಟಾರ್ಷನ್ ಸುಮಾರು 13.7 ಕಿಲೊ ಓಮ್ ಅಷ್ಟೆ. ಆದರೆ ಅದರಲ್ಲಿರುವುದು ಸೆರಾಮಿಕ್ ಅಯಸ್ಕಾಂತ, ಹಾಗಾಗಿ ಆಂಪ್ಲಿಫೈಯರನ್ನು ಒದೆಯುವುದರಲ್ಲಿ ಜೆಬಿಗೆ ಬಗ್ಗುವುದಿಲ್ಲ. ಮಧ್ಯಸ್ವರ ದಪ್ಪ, ಬಾಸ್ ಗಟ್ಟಿ. ಜೆಬಿಯದು ಆಲ್ನಿಕೊ 5 ಎಂಬ ಅಯಸ್ಕಾಂತ. ಬಾಸ್ ಮೆತ್ತಗೆ, ಮೇಲಿನ ಮಧ್ಯಸ್ವರ ಚೂಪು. ಕೀಬೋರ್ಡ್, ರಿದಮ್ ಪ್ಯಾಡಿನ ಗದ್ದಲ ಸೀಳಿ ಸೋಲೊ ಕೇಳಬೇಕೆಂದರೆ ಜೆಬಿಯೇ ಸರಿ. ಆದರೆ ಗಿಟಾರೇ ಕಿರುಚುವ ಜಾತಿಯದಾದರೆ ಅದು ಕಿವಿ ಚುಚ್ಚುತ್ತದೆ, ಆಗ ಸೂಪರ್ ಡಿಸ್ಟಾರ್ಷನ್ ಹಾಕಿಸಿ. ಬ್ಯಾಟರಿಯಲ್ಲಿ ನಡೆಯುವ ಇಎಂಜಿ 81 ಪಿಕಪ್ಪಿನ ಗೋಜು ಸದ್ಯಕ್ಕೆ ಬೇಡ: 9 ವೋಲ್ಟ್ ಬ್ಯಾಟರಿ, 25 ಕೆ ಪಾಟ್, ಸ್ಟೀರಿಯೊ ಜ್ಯಾಕ್, ಎಲ್ಲವನ್ನೂ ಬದಲಿಸಬೇಕು.

ಕೂರಿಸುವಾಗ ಕೊನೆಯ ಫ್ರೆಟ್ ಒತ್ತಿ ಹಿಡಿದು, ತಂತಿಗೂ ಪಿಕಪ್ಪಿನ ಸ್ಕ್ರೂ ತಲೆಗೂ 2.5 ಮಿ.ಮೀ. ಬಿಟ್ಟು ಶುರು ಮಾಡಿ. ಜೋರು ಬರಲೆಂದು ತೀರಾ ಮೇಲೆತ್ತಿದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ತೇಲಾಡುತ್ತದೆ.

ಪ್ರಶ್ನೆ: ಡಂಕನ್ ತೆಗೆಸಿ ಡಿಮಾರ್ಜಿಯೊ ಹಾಕಿಸಿದೆ. ಬಣ್ಣಕ್ಕೆ ಬಣ್ಣ ನೋಡಿಯೇ ಜೋಡಿಸಿದ್ದಾರೆ. ಆದರೂ ಸದ್ದು ಸಣಕಲು, ಗುಂಯ್ ಎನ್ನುವುದು ಮಾತ್ರ ಜಾಸ್ತಿ.
– ಓದುಗರೊಬ್ಬರು, ಗಂಗಾವತಿ

ಉತ್ತರ: ಬಣ್ಣಕ್ಕೆ ಬಣ್ಣ ಜೋಡಿಸಿದ್ದೇ ತಪ್ಪು. ಡಂಕನ್‌ನಲ್ಲಿ ಕಪ್ಪು ವೈರ್ ಸಿಗ್ನಲ್, ಕೆಂಪು–ಬಿಳಿ ಒಂದಕ್ಕೊಂದು ಬೆಸೆಯುವ ಜೋಡಿ. ಡಿಮಾರ್ಜಿಯೊದಲ್ಲಿ ಕೆಂಪು ಸಿಗ್ನಲ್, ಕಪ್ಪು–ಬಿಳಿ ಜೋಡಿ. ಹಳೆಯ ಲೆಕ್ಕದಲ್ಲೇ ಹಾಕಿದಾಗ ಒಂದು ಕಾಯಿಲ್ ತಿರುವುಮುರುವಾಗುತ್ತದೆ. ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ, ಅಳಿಯಬೇಕಿದ್ದ ಗುಂಯ್ ಕೂಡಿಕೊಳ್ಳುತ್ತದೆ. ಕಪ್ಪು, ಕೆಂಪು ವೈರುಗಳನ್ನು ಅದಲುಬದಲು ಮಾಡಿಸಿ. ಹಸಿರು ಮತ್ತು ಬರಿ ತಂತಿ ಎರಡರಲ್ಲೂ ಗ್ರೌಂಡಿಗೇ. ಪಾಟ್ ಬೆನ್ನಿಗೆ ಬೆಸೆಯಲು 25 ವ್ಯಾಟ್ ಐರನ್ ಸಾಲದು, 40 ಆದರೂ ಬೇಕು. ಮೊದಲು ಮರಳು ಕಾಗದದಿಂದ ಉಜ್ಜಿಕೊಳ್ಳಿ, ಇಲ್ಲದಿದ್ದರೆ ಸೀಸ ಮುತ್ತಿನಂತೆ ಮೇಲೆ ಕೂತು ನಾಲ್ಕು ದಿನಕ್ಕೆ ಕಿತ್ತು ಬರುತ್ತದೆ.