ಹಾಡಿನ ಸಾಹಿತ್ಯ ತಲೆಗೇ ಹೋಗುವುದಿಲ್ಲ, ಬರೀ ಸಂಗೀತ ಕೇಳಿಸುತ್ತದೆ. ಇದು ತಪ್ಪಾ?

ಖಂಡಿತ ತಪ್ಪಲ್ಲ. ನಾನೂ ಹಾಗೇ. ಐವತ್ತು ಸಲ ಕೇಳಿದ ಹಾಡಿನ ಎರಡನೇ ಚರಣದಲ್ಲಿ ಏನಿದೆ ಅಂದರೆ ನನಗೆ ಹೇಳಲು ಬರುವುದಿಲ್ಲ. ಆದರೆ ಪಲ್ಲವಿ ಮುಗಿದ ಮೇಲೆ ಬರುವ ಆ ಚಿಕ್ಕ ಪಿಟೀಲಿನ ತುಣುಕು, ಅದರ ಹಿಂದೆಯೇ ಸ್ವಲ್ಪ ತಡವಾಗಿ ಬಂದು ಸೇರಿಕೊಳ್ಳುವ ಬೇಸ್, ಇವನ್ನು ಈಗಲೇ ಗುನುಗಿ ತೋರಿಸಬಲ್ಲೆ.

'ಅರ್ಥವೇ ಗೊತ್ತಿಲ್ಲದೆ ಹಾಡು ಮನಸ್ಸಿಗೆ ಹೇಗೆ ತಟ್ಟುತ್ತೆ' ಅಂತ ನಿಮ್ಮ ಗೆಳೆಯರು ಕೇಳಿದರು ಎಂದಿದ್ದೀರಿ. ಅವರಿಗೆ ಒಂದು ಒಳ್ಳೆಯ ಆಲಾಪ ಕೇಳಿಸಿ. ಅಲ್ಲಿ ಅರ್ಥ ಹುಡುಕಲು ಪದವೇ ಇಲ್ಲ, ಆದರೂ ಗಂಟಲು ಕಟ್ಟುತ್ತದೆ ಅಲ್ವಾ? ಹಿಂದೂಸ್ತಾನಿ ಸಂಗೀತದ ತರಾನಾ ಎಂಬ ಹಾಡಿನ ಪ್ರಕಾರದಲ್ಲಿ 'ತನನ, ದಿರ್ ದಿರ್' ಅಂತಲೇ ಹೆಚ್ಚಿನ ಹಾಡು ಸಾಗುತ್ತದೆ. ರಷ್ಯಾದ ಸಂಗೀತ ರಚನೆಕಾರ ರಾಖ್ಮನಿನೋವ್ ಬರೆದ 'ವೋಕಲೀಸ್' ಪೂರ್ತಿ ಒಂದೇ ಸ್ವರಾಕ್ಷರದ ಮೇಲೆ ಹಾಡುವಂಥದ್ದು. ಐಸ್‌ಲ್ಯಾಂಡಿನ ಸಿಗುರ್ ರೋಸ್ ತಂಡ 2002ರಲ್ಲಿ ಒಂದು ಇಡೀ ಆಲ್ಬಮನ್ನು ಯಾವ ಭಾಷೆಯೂ ಅಲ್ಲದ ಶಬ್ದಗಳಲ್ಲಿ ಹಾಡಿತು. ಜೊತೆಗೆ ಕೊಟ್ಟ ಪುಸ್ತಿಕೆಯ ಪುಟಗಳೂ ಖಾಲಿ.

ಹಾಗಂತ ಪದಗಳು ಬೇಡ ಅಂತಲ್ಲ. ನನಗೆ ಅವು ಮೊದಲು ಶಬ್ದ, ಆಮೇಲೆ ಅರ್ಥ. ಕ, ಟ, ತ ಬಂದಾಗ ಸಣ್ಣ ಏಟು ಬಿದ್ದ ಹಾಗಿರುತ್ತದೆ, ಮ, ನ ಬಂದಾಗ ದನಿ ಮೂಗಿನಲ್ಲಿ ಗುಂಯ್‌ಗುಟ್ಟುತ್ತದೆ, ಗಾಯಕಿ 'ಆ' ಅಂತ ಬಾಯಿ ತೆರೆದು ಎಳೆದಾಗ ಹಾಡಿಗೇ ಉಸಿರು ಬಂದ ಹಾಗಾಗುತ್ತದೆ. ಒಳ್ಳೆಯ ಗೀತರಚನೆಕಾರರಿಗೆ ಇದು ಚೆನ್ನಾಗಿ ಗೊತ್ತು, ಎಳೆಯಬೇಕಾದ ಜಾಗದಲ್ಲಿ ಅವರು ದೀರ್ಘಾಕ್ಷರವನ್ನೇ ಇಡುತ್ತಾರೆ. ದನಿ ತೀರಾ ಮೇಲಕ್ಕೆ ಹೋದಾಗ ಗಮನಿಸಿ: ಇ, ಎ, ಉ ಎಲ್ಲವೂ ಹೆಚ್ಚುಕಡಿಮೆ 'ಆ' ಥರವೇ ಕೇಳಿಸುತ್ತವೆ. ಅಲ್ಲಿ ಪದ ಯಾರ ಕಿವಿಗೂ ಸರಿಯಾಗಿ ಸಿಗುವುದಿಲ್ಲ, ಆದರೆ ರೋಮಾಂಚನ ಆಗುವುದು ಜಾಸ್ತಿ ಅಲ್ಲೇ.

ನನಗೆ ಬಾರದ ಭಾಷೆಯ ಒಂದು ಹಾಡನ್ನು ವರ್ಷಗಟ್ಟಲೆ ಕೇಳಿ, ಒಂದು ದಿನ ಅರ್ಥ ಹುಡುಕಿದೆ. ತೀರಾ ಸಾಮಾನ್ಯ ಪ್ರೇಮದ ಮಾತುಗಳು. ಸ್ವಲ್ಪ ಬೇಜಾರಾಯಿತು. ಮತ್ತೆ ಹಾಕಿದೆ, ಮೊದಲ ಆಲಾಪನೆ ಶುರುವಾಗುವ ಹೊತ್ತಿಗೆ ಆ ಮಾತುಗಳೆಲ್ಲ ಮರೆತೇ ಹೋಗಿದ್ದವು.

ಕವಿತೆಗೆ ರಾಗ ಹಾಕಿದ ಹಾಡುಗಳಿಗೆ ಮಾತ್ರ ನಾನು ಬೇರೆ ಥರ ಕಿವಿ ಕೊಡುತ್ತೇನೆ. ಮೊದಲು ಕವಿತೆ ಓದಿಕೊಂಡು, ಆಮೇಲೆ ಕೇಳುತ್ತೇನೆ. ನೀವೂ ಹಾಗೆ ಮಾಡಿ ನೋಡಿ, ಉಳಿದ ಹಾಡುಗಳನ್ನು ಸುಮ್ನೆ ಈಗ ಕೇಳುವ ಹಾಗೇ ಕೇಳಿ.