ಎಡಗೈಯಲ್ಲಿ ಹಾಕಿದ ಸಹಿ

ನಿದ್ದೆ ಬರುತ್ತಿಲ್ಲ, ಸುಮ್ಮಸುಮ್ಮನೆ ಸಿಟ್ಟು, ಮನೆಯಲ್ಲಿ ಮಾತಿಲ್ಲ. ಆಪ್ತಸಲಹೆಗೆ ನನ್ನ ಬಳಿ ಬರುವವರ ದೂರು ಶುರುವಾಗುವುದು ಹೀಗೆ. ಕೆದಕುತ್ತಾ ಹೋದರೆ ಅಡಿಯಲ್ಲಿ ಸಿಗುವುದು ಒಂದು ಅಪಘಾತ, ಒಬ್ಬ ಕಂಟ್ರಾಕ್ಟರ್, ಒಂದು ಸಹಿ. ಇಂಥವರು ಮತ್ತೆ ಮತ್ತೆ ಬರುತ್ತಿರುವುದರಿಂದ ಒಬ್ಬರದನ್ನು ಬರೆಯುತ್ತಿದ್ದೇನೆ. ಹೆಸರು, ಗುರುತು ಬದಲಿಸಿದ್ದೇನೆ.

ಮಹೇಶ ಎನ್ನೋಣ. ದೊಡ್ಡ ಕಂಪನಿಯೊಂದರ ಪಾರ್ಸೆಲ್ ತಲುಪಿಸುವ ವ್ಯಾನಿನ ಚಾಲಕ. ಸಂಬಳ ಕೊಡುತ್ತಿದ್ದದ್ದು ಕಂಟ್ರಾಕ್ಟರ್. ಇವರು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. 2023ರ ಮಳೆಗಾಲದಲ್ಲಿ ತಿರುವೊಂದರಲ್ಲಿ ವ್ಯಾನ್ ಜಾರಿ ಕಟ್ಟೆಗೆ ಬಡಿದು ಬಲ ಮಣಿಕಟ್ಟು ಪುಡಿಯಾಯಿತು. ಆಗ ವಯಸ್ಸು 30. ನನ್ನ ಬಳಿ ಬರುವಷ್ಟರಲ್ಲಿ 19 ತಿಂಗಳು ಕಳೆದಿತ್ತು.

ಮೊದಲ ಎರಡು ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮೂರನೆಯ ಸಲ ಮೊಬೈಲಿನ ಕವರ್ ಬಿಚ್ಚಿ, ಎಂಟು ಮಡಿಕೆಯ ಒಂದು ಜೆರಾಕ್ಸ್ ಪ್ರತಿ ತೆಗೆದರು. ‘ಪೂರ್ಣ ಪರಿಹಾರ ಪಡೆದಿರುತ್ತೇನೆ, ಮುಂದೆ ಯಾವ ತಕರಾರೂ ಇರುವುದಿಲ್ಲ.’ ಕೆಳಗಿನ ಸಹಿ ಆಗತಾನೇ ಅಕ್ಷರ ಕಲಿತ ಮಗುವಿನದರಂತೆ ಗೆರೆ ಬಿಟ್ಟು ಕೆಳಕ್ಕಿಳಿದಿತ್ತು.

“ಬಲಗೈಗೆ ಪ್ಲಾಸ್ಟರ್ ಇತ್ತಲ್ಲ ಮೇಡಂ, ಎಡಗೈಲಿ ಹಾಕಿದೆ.” ಸ್ವಲ್ಪ ಹೊತ್ತು ಬಿಟ್ಟು ಅಂದರು: “ಆಸ್ಪತ್ರೆಗೆ 35,000 ಕಟ್ಟಿದ್ದು ಅಣ್ಣ. ವ್ಯಾನ್ ಜಾರಿಸಿದ್ದು ನಾನು. ಯಾವ ಮುಖ ಇಟ್ಕೊಂಡು ಇನ್ನೂ ಕೇಳಲಿ?”

ಹತ್ತೊಂಬತ್ತು ತಿಂಗಳ ನಿದ್ದೆ ಹೋದದ್ದು ಎಲ್ಲಿ ಅಂತ ಆಗ ಗೊತ್ತಾಯಿತು. ಆಪ್ತಸಲಹೆಯಲ್ಲಿ ನಾವು ಕೇಳುವವರೇ ಹೊರತು ಹೇಳುವವರಲ್ಲ ಎಂದು ಕಲಿತವಳು ನಾನು. ಅವತ್ತು ಹೇಳಿಬಿಟ್ಟೆ: “ನಿಮಗೆ ಪರಿಹಾರ ಕೊಡಿಸೋ ಕಾಯ್ದೆ, ತಪ್ಪು ಯಾರದು ಅಂತ ಕೇಳೋದೇ ಇಲ್ಲ ಮಹೇಶ್.”

“ಕೇಳಲ್ವಾ?” ಎರಡು ಸಲ ಕೇಳಿದರು.

ಇಲ್ಲ. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಡಿ, ಗಾಯ ಕೆಲಸದ ವೇಳೆಯಲ್ಲಿ, ಕೆಲಸದ ಕಾರಣದಿಂದ ಆಗಿರಬೇಕು, ಅಷ್ಟೇ. ಕುಡಿದು ಓಡಿಸಿದ್ದರೆ ಅಥವಾ ಬೇಕೆಂದೇ ಸುರಕ್ಷತಾ ನಿಯಮ ಮುರಿದಿದ್ದರೆ ಮಾತು ಬೇರೆ, ಅಜಾಗರೂಕತೆ ಅಡ್ಡಿಯಲ್ಲ. 12ನೇ ಕಲಮಿನ ಪ್ರಕಾರ ಕೆಲಸ ಕಂಪನಿಯ ವ್ಯವಹಾರದ್ದೇ ಆಗಿದ್ದರೆ, ಕಂಟ್ರಾಕ್ಟರ್ ಮೂಲಕ ಸೇರಿದವನಿಗೂ ಕಂಪನಿಯೇ ಪರಿಹಾರ ಕೊಡಬೇಕಾಗುತ್ತದೆ. ಆಮೇಲೆ ಬೇಕಾದರೆ ಕಂಟ್ರಾಕ್ಟರಿಂದ ವಸೂಲು ಮಾಡಿಕೊಳ್ಳಲಿ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕರಾರನ್ನು 17ನೇ ಕಲಮು ಅಸಿಂಧು ಎನ್ನುತ್ತದೆ. ಎಡಗೈಯದಾದರೂ ಅಷ್ಟೇ, ಬಲಗೈಯದಾದರೂ ಅಷ್ಟೇ.

“ಅಣ್ಣ ಮುಳುಗಿಹೋಗ್ತಾರೆ” ಅಂದರು. ಬಾಡಿಗೆಗೆ ಓಡುವ ವಾಹನದ ವಿಮೆಯಲ್ಲಿ ಸಾಮಾನ್ಯವಾಗಿ ಸಂಬಳದ ಚಾಲಕನ ಹೊಣೆಯೂ ಸೇರಿರುತ್ತದೆ, ಮೊದಲು ಪಾಲಿಸಿ ತರಿಸಿ ನೋಡಿ ಎಂದೆ.

ಆಮೇಲೆ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು: ನೀನು ವಕೀಲಳಲ್ಲ, ಅವನ ಕೃತಜ್ಞತೆಯನ್ನು ಮುರಿದೆ. ಒಪ್ಪುತ್ತೇನೆ, ವಕೀಲಳಲ್ಲ. ಅದಕ್ಕೇ ಆ ವಾರವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಆದರೆ ಗಡುವು ಓಡುತ್ತಿರುವಾಗ ಉಸಿರಾಟದ ಅಭ್ಯಾಸ ಹೇಳಿಕೊಡುತ್ತಾ ಕೂರುವುದು ನನಗೆ ವಂಚನೆಯಂತೆ ಕಾಣುತ್ತದೆ. ಆ ಕಾಯ್ದೆಯ ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಎರಡು ವರ್ಷ ಗಡುವು, ಐದು ತಿಂಗಳಷ್ಟೇ ಉಳಿದಿತ್ತು. ಬೇರೆ ವಾಹನದವರ ತಪ್ಪಿನಿಂದ ಅಪಘಾತವಾದರೆ ಮೋಟಾರು ಅಪಘಾತ ನ್ಯಾಯಮಂಡಳಿಗೂ ಹೋಗಬಹುದು. 2022ರ ಏಪ್ರಿಲ್‌ನಿಂದ ಅಲ್ಲಿಗೆ ಆರೇ ತಿಂಗಳು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಿದ್ದರೆ ದಾರಿಯೇ ಬೇರೆ, ಇಎಸ್‌ಐನಿಂದಲೇ ಪಡೆಯಬೇಕು. ಮಹೇಶರಿಗೆ ಅದು ಇರಲಿಲ್ಲ.

ವಕೀಲರು ಹಾಳೆಯ ಮೇಲೆ ಹಾಕಿದ ಲೆಕ್ಕವನ್ನು ಅವರು ನನಗೂ ತಂದು ತೋರಿಸಿದರು. ಆ ಕಾಯ್ದೆ ಲೆಕ್ಕಕ್ಕೆ ಹಿಡಿಯುತ್ತಿದ್ದ ಗರಿಷ್ಠ ತಿಂಗಳ ಸಂಬಳ 15,000. ಅದರ 60% ಎಂದರೆ 9,000. ಅದನ್ನು ಗುಣಿಸಲು 30ರ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಗುಣಕ 207.98. ದುಡಿಯುವ ಶಕ್ತಿ 20% ಕುಂದಿದೆ ಎಂದು ವೈದ್ಯರು ಪ್ರಮಾಣೀಕರಿಸಿದರೆ 3,74,364 ರೂಪಾಯಿ. ‘ಪೂರ್ಣ ಪರಿಹಾರ’ದ ಮೊತ್ತ 35,000!

ಇಂಥ ಕೆಲಸದಲ್ಲಿರುವವರಿಗೆ ಒಂದು ಮಾತು. ಬಿದ್ದ ದಿನವೇ ಆ್ಯಪ್‌ನಲ್ಲಿನ ಡೆಲಿವರಿ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ಕಳಿಸಿ. ಐಡಿ ಬ್ಲಾಕ್ ಆದರೆ ಏನೂ ಸಿಗುವುದಿಲ್ಲ. ಮಹೇಶರದು ಹಾಗೇ ಆಗಿತ್ತು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಜಮಾ ಆಗಿದ್ದ ಸಂಬಳ, ಆಸ್ಪತ್ರೆಯ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲೆ ಕೈಹಿಡಿದವು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಕಂಟ್ರಾಕ್ಟರ್ ಕೆಲಸಗಾರರ ವಿಷಯದಲ್ಲಿ ಮೂಲ ಕಂಪನಿಯ ಹೊಣೆ ಅದರಲ್ಲೂ ಉಳಿದಿದೆ.

ಅರ್ಜಿ 22ನೇ ತಿಂಗಳಲ್ಲಿ ದಾಖಲಾಯಿತು. ಅಪಘಾತವಾದ ರಸ್ತೆ ನಮ್ಮ ಹತೋಟಿಯ ಜಾಗವಲ್ಲ ಎಂದು ಕಂಪನಿ ವಾದಿಸುತ್ತಿದೆ. 12ನೇ ಕಲಮಿನಲ್ಲಿ ಹಾಗೊಂದು ಕಿಂಡಿ ಇರುವುದು ನಿಜ. ಡೆಲಿವರಿ ಕೆಲಸ ರಸ್ತೆಯಲ್ಲಲ್ಲದೆ ಇನ್ನೆಲ್ಲಿ ನಡೆಯುತ್ತದೆ ಎಂಬುದು ಇವರ ವಕೀಲರ ಉತ್ತರ. ವಿಚಾರಣೆ ನಡೆಯುತ್ತಿದೆ.

ಹೋದ ಸಲ ಬಂದಾಗ ಮಹೇಶ ಹೇಳಿದರು: “ನೋಟಿಸ್ ಹೋದ ಮೇಲೆ ಅಣ್ಣ ಫೋನ್ ಮಾಡಿದ್ರು ಮೇಡಂ. ಚೆನ್ನಾಗಿ ಬೈದ್ರು. ಇಡೋ ಮುಂಚೆ, ಕೈ ಹೇಗಿದೆ ಅಂತ ಕೇಳಿದ್ರು.”